ಪಾಸಾಗಬಾರದ ಪರೀಕ್ಷೆ

ಮ್ಯೂಸಿಯಮ್ಮಿನ ‘ಜೀವನಪೂರ್ತಿ ಕಲಿಕೆ’ ತರಗತಿಗೆ ಪರೀಕ್ಷೆ ಇಟ್ಟದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಹಳೆಯ ಮೇಷ್ಟ್ರು ನಿವೃತ್ತರಾಗಿ ತರಗತಿ ಕುಂಟುತ್ತಿತ್ತು. ಹೊಸದಾಗಿ ಬಂದ ನಿರ್ದೇಶಕಿ, “ಹಳಬರು ಪಾಸಾಗಿ ಜಾಗ ಬಿಡ್ಲಿ, ಹೊಸಬರು ಬರ್ಲಿ. ತರಗತಿಗೂ ಒಂದು ಭವಿಷ್ಯ ಬೇಡ್ವಾ?” ಅಂದುಬಿಟ್ಟರು.

ಕೇಳಿದ್ದೇ ತಡ, ತರಗತಿಯ ಹಳೆಯ ವಿದ್ಯಾರ್ಥಿ ಗಡಿಯಾರ ಮಾವನ ಎದೆ ಧಸಕ್ಕೆಂದಿತು. ಗಡಿಯಾರ ರಿಪೇರಿ ಅಂಗಡಿ ಮುಚ್ಚಿ ಮನೆ ಸೇರಿದ ಮೇಲೆ, ಹೆಂಡತಿಯ ಉಪದೇಶ ಕಿವಿಗೆ ಬೀಳದ ಜಾಗವೆಂದರೆ ಇದೊಂದೇ. ವಾರಕ್ಕೊಂದು ಮಧ್ಯಾಹ್ನದ ಈ ನೆಮ್ಮದಿಯೂ ಹೋದರೆ ಗತಿಯೇನು? ಪಾಸಾದರೆ ತಾನೆ ಹೊರಗೆ ಹಾಕುವುದು! ಫೇಲಾಗಿಯೇ ತೀರಬೇಕೆಂದು ಮಾವ ಪರೀಕ್ಷೆಗೆ ಹೊರಟ.

ಆದರೆ ಎದುರುಮನೆಯ ದರ್ಜಿ ಸುಮ್ಮನಿರಬೇಕಲ್ಲ. “ಮಾವ ಪಾಸಾಗೋದನ್ನ ಅತ್ತೆ ನೋಡ್ದೆ ಇದ್ರೆ ಹೇಗೆ?” ಎಂದು ಮಾವನ ಹೆಂಡತಿಯನ್ನು ಕರೆತಂದು ಮುಂದಿನ ಸಾಲಿನಲ್ಲೇ ಕೂರಿಸಿದ.

ನಿರ್ದೇಶಕಿ ಮಣ್ಣಿನ ಹರವಿಯೊಂದನ್ನು ತೋರಿಸಿದರು. “ಇದ್ರಲ್ಲಿ ಏನು ಇಡ್ತಿದ್ರು?”

“ಬಟ್ಟೆ,” ಎಂದ ಮಾವ ಧೈರ್ಯವಾಗಿ.

“ಬಟ್ಟೆಯಂತೆ ಬಟ್ಟೆ! ಬಿತ್ತನೆ ಕಾಳು ಕಣ್ರೀ! ಬಾಯಿಗೆ ಮಣ್ಣು ಮೆತ್ತಿ ಇಡ್ತಿದ್ರು ಅಂತ ನೀವೇ ಹೇಳಿದ್ರಲ್ಲ?” ಹೆಂಡತಿ ಕೂತಲ್ಲಿಂದಲೇ ಗದರಿದಳು.

ಮಾವನಿಗೆ ತಲೆ ಕೆಟ್ಟಿತು. ಗಂಡ ತಪ್ಪು, ಹೆಂಡತಿ ಸರಿ. ಲೆಕ್ಕಕ್ಕೆ ಇದು ಪಾಸೋ ಫೇಲೋ?

ಮುಂದೆ ಬಂದದ್ದು ತಳದಲ್ಲಿ ತೂತಿದ್ದ ತಾಮ್ರದ ಬಟ್ಟಲು. ಮಾವ ಕಣ್ಣು ಮುಚ್ಚಿ, “ಹಾಲು ಸೋಸೋದು,” ಎಂದ.

“ಮಾವ! ಗಡಿಯಾರದವ್ರಾಗಿ ನೀವೇ ಹೀಗಂದ್ರೆ?” ದರ್ಜಿ ಹಣೆ ಚಚ್ಚಿಕೊಂಡ.

“ನೀರಲ್ಲಿ ತೇಲಿಬಿಡೋದು. ತುಂಬಿ ಮುಳುಗಿದ್ರೆ ಒಂದು ಗಳಿಗೆ. ಆಗಿನ ಕಾಲದ ಗಡಿಯಾರ,” ಎಂದಳು ಹೆಂಡತಿ.

ನಿರ್ದೇಶಕಿ ಅವಳತ್ತ ತಿರುಗಿದರು. “ಇದನ್ನೆಲ್ಲ ಎಲ್ಲಿ ಕಲಿತ್ರಿ ಅಮ್ಮಾ?”

“ಕಲಿಯೋದೇನು? ಕ್ಲಾಸಿಂದ ಬಂದು ಊಟಕ್ಕೆ ಕೂತ್ರೆ ಇವ್ರದ್ದು ಇದೇ ಪುರಾಣ. ಬೇಡ ಅಂದ್ರೂ ಬಿಡಲ್ಲ.”

ನಿರ್ದೇಶಕಿ ಅವಳನ್ನು ಮೇಜಿನ ಬಳಿ ಕರೆದರು, ಏನೋ ಗುಸುಗುಸು ನಡೆಯಿತು. ಮಾವ ಜೀವ ಕೈಯಲ್ಲಿ ಹಿಡಿದು ನಿಂತ.

“ಕ್ಷಮಿಸಿ, ನೀವು ಫೇಲು,” ಎಂದರು ನಿರ್ದೇಶಕಿ.

ಮಾವನಿಗೆ ಕುಣಿದಾಡುವಷ್ಟು ಖುಷಿಯಾಯಿತು. “ಹಾಗಾದ್ರೆ ಮುಂದಿನ ವಾರಾನೂ ಬರ್ಬಹುದಾ?”

“ಬರ್ಲೇಬೇಕು. ಮೇಷ್ಟ್ರ ಜಾಗಕ್ಕೆ ಯಾರೂ ಸಿಗ್ತಿರ್ಲಿಲ್ಲ, ಈಗ ಸಿಕ್ಕಿದ್ರು.”

ಮಾವ ಗೊಂದಲದಿಂದ ಸುತ್ತ ನೋಡಿದ. ಹೆಂಡತಿ ಆಗಲೇ ಸೆರಗು ಸಿಕ್ಕಿಸಿ ಕರಿಹಲಗೆ ಒರೆಸುತ್ತಿದ್ದಳು.

“ಏನ್ರೀ ಹಾಗೆ ನೋಡ್ತೀರಾ? ಮುಂದಿನ ಬೆಂಚಿಗೆ ಬಂದು ಕೂತ್ಕೊಳ್ಳಿ,” ಎಂದಳು.