ಕೋಳಿ ಕದ್ದವರಲ್ಲ, ಕುದುರೆ ಕದ್ದವರು

ಬಾಗಿಲಿಗೆ ಬಂದ ಹೆಳವನನ್ನು ನಾನು ಒಳಗೆ ಕರೆಯಲಿಲ್ಲ. ಅವನು ಬಂದಿದ್ದನೆಂದು ಅಣ್ಣನಿಗೆ ಹೇಳಲೂ ಇಲ್ಲ. ಇಷ್ಟೇ ನನ್ನ ತಪ್ಪು. ಇಷ್ಟಕ್ಕೆ ಇಷ್ಟುದ್ದ ಬರೆಯಬೇಕೇ ಎಂದು ನೀವು ಕೇಳಬಹುದು. ನೀವು ನನ್ನ ಅಣ್ಣನನ್ನು ಕಂಡಿಲ್ಲ, ಅದಕ್ಕೇ ಕೇಳುತ್ತೀರಿ!

ಊರಲ್ಲಿ ಯಾರನ್ನೇ ಕೇಳಿ, ಅವರ ಮುತ್ತಜ್ಜ ದೇಸಾಯಿಯೋ ದಿವಾನನೋ ಆಗಿರುತ್ತಾನೆ. ಅಷ್ಟೊಂದು ಮಂದಿ ದಿವಾನರಾಗಿದ್ದರೆ ಹೊಲ ಉತ್ತವರು ಯಾರೋ! ಆದರೆ “ನಮ್ಮದು ಕಳ್ಳರ ವಂಶ” ಎಂದು ಎದೆಯುಬ್ಬಿಸಿ ಹೇಳುವ ಗಂಡಸು ಇಡೀ ಗದಗ-ಬೆಟಗೇರಿಯಲ್ಲಿ ಒಬ್ಬನೇ. ಅವನ ಬೆನ್ನಿಗೆ ತಂಗಿಯಾಗಿ ಹುಟ್ಟುವ ಭಾಗ್ಯ ನನ್ನದಾಯಿತು.

ನಮ್ಮ ಹಿರಿಯರು ಯಾವುದೋ ರಾಜನ ಲಾಯದಿಂದ ಕುದುರೆ ಕದ್ದರಂತೆ. ರಾಜ ಶೂಲಕ್ಕೇರಿಸಿ ಎಂದನಂತೆ. ಇವರು ಶೂಲ ಚೂಪಾಗುವ ತನಕ ಕಾಯದೆ, ಸಿಂಗಟಾಲೂರಿನ ಹತ್ತಿರ ತುಂಗಭದ್ರೆ ದಾಟಿ ಈ ಕಡೆ ಬಂದುಬಿಟ್ಟರಂತೆ. ಕುದುರೆ ಮಾತ್ರ ಹರಿಗೋಲು ಹತ್ತಲು ಒಪ್ಪದೆ ಆಚೆ ದಂಡೆಯಲ್ಲೇ ಉಳಿಯಿತು. ಕಳ್ಳತನವನ್ನಾದರೂ ಪೂರ್ತಿ ಮಾಡಬಾರದೇ? ನಾನು ಹಾಗೆಂದರೆ ಅಣ್ಣನಿಗೆ ಸಿಟ್ಟು.

“ಕೋಳಿ ಕದ್ದವರಲ್ಲ ಬೇ, ಕುದುರಿ ಕದ್ದವರು!”

ಈ ಕಥೆಯೆಲ್ಲ ಹೆಳವನಿಂದ ಬಂದದ್ದು. ಹೆಳವರೆಂದರೆ ಎತ್ತಿನೊಡನೆ ಊರೂರು ತಿರುಗುತ್ತ, ಮನೆ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ರಾಗವಾಗಿ ಹೇಳಿ, ಕಾಳು ಬಟ್ಟೆ ಪಡೆದು ಹೋಗುವವರು. ಹೊಸದಾಗಿ ಹುಟ್ಟಿದವರ ಹೆಸರು ಕೇಳಿ ಸೇರಿಸಿಕೊಳ್ಳುತ್ತಾರೆ. ನಮ್ಮ ಹೆಳವ ಎಷ್ಟೋ ವರ್ಷಕ್ಕೊಮ್ಮೆ ಬರುತ್ತಿದ್ದ. ಅಣ್ಣ ಮದುವೆಯಾಗಲಿಲ್ಲ, ಹೆಳವನ ದಾರಿ ಕಾಯುವುದರಲ್ಲಿ ಪುರುಸೊತ್ತಾಗಲಿಲ್ಲವೇನೋ!

ಅಣ್ಣ ಮುಂಡರಗಿ ಕಡೆಯ ಬಸ್ಸಿನ ಕಂಡಕ್ಟರ್. ಹೊಳೆ ಕಂಡ ಕೂಡಲೇ ಟಿಕೀಟು ಹರಿಯುವುದನ್ನು ಬಿಟ್ಟು, “ಇಲ್ಲೇ ನೋಡ್ರಿ, ನಮ್ಮ ಮಂದಿ ದಾಟಿ ಬಂದದ್ದು!” ಎಂದು ಕೈ ತೋರಿಸುತ್ತಾನೆ. ಒಮ್ಮೆ ಒಬ್ಬ ಮುದುಕಿ, “ಅವರಿಗರ ಟಿಕೀಟ ಕೊಟ್ಟಿದ್ಯೋ, ಹಂಗ ಬಿಟ್ಟಿದ್ಯೋ?” ಎಂದಳಂತೆ. ಇದನ್ನು ಮನೆಗೆ ಬಂದು ಅವನೇ ಹೇಳಿ ನಕ್ಕ. ನಾಚಿಕೆ ಇದ್ದವರು ಹೇಳುತ್ತಾರೆಯೇ?

ಮನೆಯಲ್ಲಿ ಏನು ಕಂಡರೂ ಅವನಿಗೆ ಆ ಓಟದ ಗುರುತೇ. ನಮ್ಮ ಹಿತ್ತಲ ಬಾಗಿಲು ತಲೆಬಾಗಿಲಿಗಿಂತ ಅಗಲ. ಯಾಕೆ? “ಓಡಾಕ!” ಅಪ್ಪ ಮೊದಲ ಕೂಗಿಗೆ ಓಗೊಡುತ್ತಿರಲಿಲ್ಲ. ಯಾಕೆ? “ಹೊರಗ ರಾಜನ ಮಂದಿ ಇದ್ರ?” ಅಪ್ಪನಿಗೆ ಕಿವಿ ಮಂದವಿತ್ತು ಎಂದು ನಾನು ಹೇಳಿದರೆ, “ನಾಕನೇ ಇಯತ್ತೆ ಕಲಿತಾಕಿಗೆ ಇತಿಹಾಸ ಹೆಂಗ ತಿಳೀಬೇಕು!” ಎನ್ನುತ್ತಿದ್ದ. ನನ್ನನ್ನು ನಾಲ್ಕಕ್ಕೇ ಶಾಲೆ ಬಿಡಿಸಿದ್ದು ಇವನ ಓದಿನ ಸಲುವಾಗಿ ಎಂಬುದು ಆ ಇತಿಹಾಸದಲ್ಲಿ ಬರುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ನಾನು ಬೆಟಗೇರಿಗೆ, ಈ ಅಣ್ಣನ ಮನೆಗೇ ಬಂದಿದ್ದೆ. ಮಗಳು ಲಗ್ನದ ವಯಸ್ಸಿಗೆ ಬಂದಳು. ಲಕ್ಷ್ಮೇಶ್ವರದವರು ನೋಡಲು ಬಂದು, “ನಿಮ್ಮದು ಮೂಲ ಯಾವೂರ್ರಿ?” ಎಂದರು. ಯಾವುದಾದರೂ ಒಂದು ಊರ ಹೆಸರು ಹೇಳಿದ್ದರೆ ಸಾಕಿತ್ತು. “ಶೂಲ ತಪ್ಪಿಸ್ಕೊಂಡು ಬಂದವರ್ರಿ ನಾವು” ಎಂದ ಅಣ್ಣ. ಚಹಾ ಆರುವ ಮೊದಲೇ ಅವರೂ ತಪ್ಪಿಸಿಕೊಂಡು ಹೋದರು!

ಅದಕ್ಕೇ ಶಿರಹಟ್ಟಿಯವರು ಬರುವ ದಿನವನ್ನು ನಾನು ಅಣ್ಣನ ಡ್ಯೂಟಿ ನೋಡಿಯೇ ಇಟ್ಟೆ. ಎಲ್ಲ ಸರಿಯಾಗಿ ನಡೆದಿತ್ತು. ಬೀಗರು ಅವಲಕ್ಕಿ ತಿನ್ನುತ್ತಿದ್ದರು. ಆಗ ಹೊರಗೆ ಎತ್ತಿನ ಗಂಟೆ! ಇಷ್ಟು ವರ್ಷ ಬಾರದ ಹೆಳವ ಅದೇ ಗಳಿಗೆಗೆ ಬರಬೇಕೇ? ಬಂದವನು “ರಾಜನ ಕುದುರಿ ಬಿಚ್ಚಿದವರ ಮನಿಯೋ...” ಎಂದು ರಾಗ ತೆಗೆದೇಬಿಟ್ಟ.

ಹುಡುಗನ ತಾಯಿ ಕಿವಿ ನಿಮಿರಿಸಿದಳು. “ಯಾರ ಮನಿದು ಹಾಡಾಕತ್ತಾನ್ರೀ?”

“ಬಾಜೂ ಮನಿಯವರದ್ರಿ” ಎಂದೆ. ಪಾಪ, ಬಾಜೂ ಮನೆಯವರು ಊದುಬತ್ತಿ ಮಾರುವವರು. ಕುದುರೆಯನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡವರು.

ಮೊರದ ತುಂಬ ಜೋಳ ಹಿಡಿದು ಹೊರಗೆ ಓಡಿದೆ. ಮುದುಕ ತೀರ ಸೋತಿದ್ದ.

“ಅಣ್ಣಾರು ನನ್ನ ಹುಡುಕಾಕತ್ತಾರಂತ ಅಂತೂರ ಬೆಂತೂರಾಗ ಹೇಳಿದ್ರು ತಾಯಿ. ನಡಕೋತ ಬಂದೆ.”

“ಮನ್ಯಾಗ ಗಂಡಸರಿಲ್ಲಪಾ. ಇದನ್ನ ತಗೊಂಡು ಜಲ್ದಿ ಹೋಗು.”

“ಹೆಸರು ಹೇಳದ ಕಾಳು ಹೆಂಗ ತಗೊಳ್ಳಲಿ?” ಎಂದ ಮುದುಕ. ಮೊರ ಮುಟ್ಟದೆ ಎತ್ತು ತಿರುಗಿಸಿಕೊಂಡು ಹೋದ.

ಲಗ್ನ ಗಟ್ಟಿಯಾಯಿತು. ಅಣ್ಣನಿಗೆ ಅದನ್ನಷ್ಟೇ ಹೇಳಿದೆ. ಅಲ್ಲಿಂದ ಶುರುವಾಯಿತು ನನ್ನ ಶೂಲ. ಅಣ್ಣ ರಜೆ ಹಾಕಿ ಹಾಕಿ ಹೆಳವನನ್ನು ಹುಡುಕಿದ. ಹುಲಕೋಟಿಯಲ್ಲಿ ಒಂದು ಎತ್ತಿನ ಹಿಂದೆ ಹೋಗಿ, ಅದು ಗಾಣದ ಎತ್ತೆಂದು ತಿಳಿದು, ಕುಸುಬಿ ಎಣ್ಣೆ ಕೊಂಡುಕೊಂಡು ಬಂದ. ಆ ಎಣ್ಣೆಯಲ್ಲಿ ಒಗ್ಗರಣೆ ಹಾಕುವಾಗೆಲ್ಲ ಹೇಳಿಬಿಡೋಣ ಎಂದುಕೊಂಡೆ. ಎಣ್ಣೆ ಮುಗಿಯಿತು, ಹೇಳಲಿಲ್ಲ.

ಮಗಳು ಶಿರಹಟ್ಟಿಗೆ, ಗಂಡನ ಮನೆಗೆ ನಡೆಯಲು ಹೋದ ಮೇಲೆ, ಒಂದು ಸಂಜೆ ಅಣ್ಣ ಬಂದವನೇ ಅಡುಗೆಮನೆಯ ಹೊಸ್ತಿಲ ಹತ್ತಿರ ಕುಸಿದು ಕುಳಿತ.

“ಹೆಳವ ತೀರಕೊಂಡನಂತ. ಮಗಾ ಸಿಕ್ಕಿದ್ದ. ಅವಗ ನಮ್ಮ ಮನಿ ಹೆಸರು ಬರೂದಿಲ್ಲ.”

ನಾನು ರೊಟ್ಟಿ ಬಡಿಯುತ್ತಲೇ, “ಹೋಗ್ಲಿ ಬಿಡು. ಕಳ್ಳರ ಹೆಸರು ಹೋದ್ರ ಅಳವರು ಯಾರು?” ಎಂದೆ. ಅಂಜಿದಾಗಲೂ ನನ್ನ ನಾಲಿಗೆ ಹಾಗೆಯೇ.

“ಅವೆಲ್ಲ ನನಗ ಬಾಯಿಪಾಠ ಅದಾವು. ನಿನ್ನ ಹೆಸರು ಸೇರಸೂದಿತ್ತು.”

“ನಂದಾ? ಹೆಣ್ಣಮಕ್ಕಳ ಹೆಸರು ಎಲ್ಲಿ ಹೇಳತಾರೋ ಅವರು!”

“ಹೇಳೂದಿಲ್ಲ. ಹ್ವಾದ ಸರ್ತಿ ಜಗಳಾಡಿ ಒಪ್ಪಿಸಿದ್ದೆ. ಮುಂದಿನ ಸರ್ತಿ ಬಂದು ನಿನ್ನ ಮುಂದ ನಿಂತು ಹೇಳತೇನಿ ಅಂದಿದ್ದ. ಗಂಡನ ಮನಿಯವರು ನಿನ್ನ ಹೆಸರು ಎತ್ತೂದ ಬಿಟ್ರು. ಇಲ್ಲೆ ನೋಡಿದ್ರ ಅಪ್ಪನ ಹೆಸರಾದ ಮ್ಯಾಲೆ ನಂದೊಂದ ಹೆಸರು. ಈ ಮನ್ಯಾಗ ನೀನೂ ಇದ್ದಿ ಅಂತ ಯಾರರ ಒಬ್ಬರು ಹೇಳಬೇಕಲ್ಲ ಬೇ.” ಅಣ್ಣ ಕಣ್ಣೊರೆಸಿಕೊಂಡ. “ಆದ್ರ ಅವ ಬರಲೇ ಇಲ್ಲ.”

ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಹಂಚು ಕೆಳಗಿಳಿಸಿ ಅಣ್ಣನ ಕಡೆ ತಿರುಗಿದೆ.

“ಬಂದಿದ್ದ ಅಣ್ಣಾ” ಎಂದೆ. “ನಡಕೋತ ಬಂದಿದ್ದ. ನಾನ ಬಾಗಲದಾಗಿಂದ ಹೊಳ್ಳಿ ಕಳಿಸಿದೆ. ತಪ್ಪಾತು ನಂದು, ತಪ್ಪಾತು.”