ಕೊನೆಯ ಹಾಳೆಯ ಹಾಡು

ಮೊಕಿಚಿಯ ಕಷ್ಟ ಶುರುವಾದದ್ದು ಮಿತ್ಸು ಅಕ್ಕನ ಕನಿಕರದಿಂದ.

ಹಿರಿಯರ ದಿನದ ಬೆಳಿಗ್ಗೆ ಆಕೆ ಶಿಯೊಮಿ ಊರಿನ ಸಭಾಮನೆಯ ಬಾಗಿಲು ತೆಗೆದು, ಚಾಪೆ ಗುಡಿಸಿ, ಕರೋಕೆ ಯಂತ್ರದ ಪಕ್ಕದಲ್ಲಿದ್ದ ಹಾಡಿನ ಪುಸ್ತಕವನ್ನು ಒರೆಸಲು ಎತ್ತಿಕೊಂಡಳು. ಉಪ್ಪಿನಕಾಯಿ ಭರಣಿಯ ಮೇಲೆ ಹೇರುವ ಕಲ್ಲಿನಷ್ಟು ಭಾರದ ಪುಸ್ತಕ. ಅದರಲ್ಲಿ ಹಾಡುಗಳನ್ನು ಅವುಗಳ ಹೆಸರಿನ ಮೊದಲ ಸದ್ದು ಹಿಡಿದು ಜೋಡಿಸಿದ್ದರು. 'ಅ'ದಲ್ಲಿ ಶುರುವಾಗಿ, 'ಕ', 'ಸ', 'ತ' ಎಂದು ಸಾಲುಸಾಲಾಗಿ ನಡೆದು, 'ವ'ದಲ್ಲಿ ಮುಗಿಯುತ್ತಿತ್ತು. ಆಕೆ ಎತ್ತಿದ್ದೇ ತಡ, ಕೊನೆಯ ಹಾಳೆ ಕಳಚಿ ಕಾಲ ಬಳಿ ಬಿತ್ತು. 'ವ'ದ ಹಾಳೆ. ಮುಟ್ಟಿ ಮುಟ್ಟಿ ಹಳೆಯ ಬಟ್ಟೆಯಂತೆ ಮೆತ್ತಗಾಗಿತ್ತು. ಮೂಲೆಯಲ್ಲಿ ಹುಲ್ಲಿನ ಹಸಿರು ಹತ್ತಿದ ದೊಡ್ಡ ಹೆಬ್ಬೆರಳಿನ ಗುರುತು. ಊರಿನಲ್ಲಿ ಹುಲ್ಲುಚಾಪೆ ಹೊಲಿಯುವವನು ಒಬ್ಬನೇ.

"ಅಯ್ಯೋ ಪಾಪ, ಮೊಕಿಚಿ," ಎಂದಳು ಮಿತ್ಸು ಅಕ್ಕ. ಕಣ್ಣಲ್ಲಿ ನೀರು ಬಂತು.

ಪಾಪ ಎನ್ನಲು ಕಾರಣವಿತ್ತು. ಏಳು ವರ್ಷದ ಹಿಂದೆ ಹಿರಿಯರ ದಿನದ ಸಭೆಯಲ್ಲಿ ಮೊದಲು ಯಾರು ಹಾಡಬೇಕೆಂದು ಇಬ್ಬರು ಮುದುಕರು ಜಗಳವಾಡಿದ್ದರು. ಒಬ್ಬನಿಗೆ ವಯಸ್ಸು ಹೆಚ್ಚು, ಇನ್ನೊಬ್ಬನಿಗೆ ದೋಣಿ ದೊಡ್ಡದು. ಗುಡಿಯ ಅರ್ಚಕರು ತೀರ್ಪು ಕೊಟ್ಟರು: "ಹಾಡಿಗೆ ವಯಸ್ಸೂ ಇಲ್ಲ, ದೋಣಿಯೂ ಇಲ್ಲ. ಪುಸ್ತಕದಲ್ಲಿ ಯಾವ ಹಾಡು ಮೊದಲೋ ಅದನ್ನು ಹಾಡುವವರು ಮೊದಲು." ಅಂದಿನಿಂದ ಮನೆಗೊಂದು ಚೀಟಿ, ಪುಸ್ತಕದ ಸಾಲು ಹಿಡಿದು ಸರದಿ. ನಾಲ್ಕು ಗಂಟೆಗೆ ಹಿರಿಯರನ್ನು ಕರೆದೊಯ್ಯಲು ಬಸ್ಸು ಬರುತ್ತದೆ, ಯಂತ್ರ ಆರುತ್ತದೆ. ಆದರೆ ಶಿಯೊಮಿಯವರು ಹೆಸರು ಕರೆದೊಡನೆ ಎದ್ದು ಬರುವ ಜನವಲ್ಲ. "ಗಂಟಲು ಸರಿಯಿಲ್ಲ" ಎನ್ನಬೇಕು, "ನಿಮ್ಮಂಥವರ ಮುಂದೆ ನಾನೆಲ್ಲಿ" ಎನ್ನಬೇಕು, ನಾಲ್ಕು ಜನ ಬೆನ್ನು ಹಿಡಿದು ನೂಕಬೇಕು. ಹೀಗಾಗಿ 'ಮ' ಸಾಲು ಮುಟ್ಟುವುದರೊಳಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಏಳು ವರ್ಷವೂ ಮೊಕಿಚಿ ಬರೆದುಕೊಟ್ಟದ್ದು 'ವ'ದ ಹಾಡು, ಬೆಟ್ಟದಲ್ಲಿ ವರಾಬಿ ಚಿಗುರು ಕೀಳುವ ಹಾಡು. ಏಳು ವರ್ಷವೂ ಅವನ ಸರದಿ ಬರಲಿಲ್ಲ.

ಮಿತ್ಸು ಅಕ್ಕ ಹಾಳೆಯನ್ನು ಎದೆಗವಚಿಕೊಂಡು ಮನೆಗೆ ಓಡಿದಳು. ಅವಳ ಗಂಡ ಉಕಾಯಿ ಸಭಾಮನೆಯ ಅಧ್ಯಕ್ಷ, ಊರಿನ ಅತ್ಯುತ್ತಮ ಹಾಡುಗಾರ. ಯಾರದೋ ಮದುವೆಗೆ ಹಾಡಲು ಹೊರಡುತ್ತಿದ್ದವನನ್ನು ಅಂಗಿ ಹಿಡಿದು ನಿಲ್ಲಿಸಿದಳು.

"ನೋಡ್ರಿ ಇಲ್ಲಿ. ಹಾಡ್ಬೇಕು ಹಾಡ್ಬೇಕು ಅಂತ ಆ ಮನುಷ್ಯ ಕಾಗದಾನೇ ಸವೆಸಿಬಿಟ್ಟಿದ್ದಾನೆ. ನಾವು ಒಂದು ದಿನ ಕರೆದಿಲ್ಲ."

ಉಕಾಯಿ ಹಾಳೆ ನೋಡಿ ತಲೆ ಕೆರೆದುಕೊಂಡ. "ಸರಿ, ಈ ಸಲ ಹಿಂದಿನಿಂದ ಶುರು ಮಾಡೋಣ. 'ವ' ಮೊದಲು. ಮಧ್ಯಾಹ್ನದೊಳಗೆ ಬರ್ತೀನಿ ಬಿಡು."

ಆ ಹೊತ್ತಿಗೆ ಮೊಕಿಚಿ ಕವಲುದಾರಿಯ ಜಿಜೊ ದೇವರ ಮುಂದೆ ಕುಕ್ಕರಗಾಲಲ್ಲಿ ಕೂತು ಮೂರು ಅಕ್ಕಿ ಕಡುಬು ಇಡುತ್ತಿದ್ದ. ಪ್ರತಿ ವರ್ಷದ ಹರಕೆ ಅದು. ಬೇಡಿಕೆಯೂ ಒಂದೇ: ಬಸ್ಸು ಸರಿಯಾದ ಸಮಯಕ್ಕೆ ಬರಲಿ. ಕೆಂಪು ಬಟ್ಟೆ ಕಟ್ಟಿಕೊಂಡ ಕಲ್ಲಿನ ದೇವರು ಏಳು ವರ್ಷವೂ ನಸುನಗುತ್ತಲೇ ನಡೆಸಿಕೊಟ್ಟಿದ್ದ.

ಎಲ್ಲಿ ಹಾಡಬೇಕಾದೀತೋ ಎಂಬ ಈ ಭಯಕ್ಕೆ ಮೂವತ್ತೊಂದು ವರ್ಷ ವಯಸ್ಸು. ಮೊಕಿಚಿಯ ಮಾವ ಗೆಂಜಬುರೊ ಆಗ ಊರಿನ ಸ್ನಾನದ ಮನೆಯಲ್ಲಿ ಒಲೆ ಉರಿಸುತ್ತಿದ್ದ. ಗೋಡೆಯ ಈಚೆ ಒಲೆ, ಆಚೆ ಗಂಡಸರ ಬಿಸಿನೀರಿನ ಕೊಳ. ಶನಿವಾರ ಸಂಜೆ ಕೊಳದಲ್ಲಿ ಇಬ್ಬರು ಹುಡುಗರು ಹಾಡುತ್ತಿದ್ದರು: ಉಕಾಯಿ ಮತ್ತು ಮೊಕಿಚಿ. ಉಕಾಯಿ ತನ್ನ ಹಾಡು ಬಿಟ್ಟು ಬೇರೆಯವರದನ್ನು ಎಂದೂ ಕಿವಿಗೆ ಹಾಕಿಕೊಂಡವನಲ್ಲ. ಮೊಕಿಚಿಯದೋ, ಕೇಳಿದವರು ಕಾಲು ಜಾರಿತೇ ಎಂದು ವಿಚಾರಿಸುವಂಥ ಹಾಡು. ಮದುವೆಯ ದಿನ ಗೆಂಜಬುರೊ ಅಳಿಯನ ಭುಜ ತಟ್ಟಿ, "ಒಲೆ ಹಿಂದೆ ಕೂತು ನಿನ್ನ ಹಾಡು ಕೇಳಿಯೇ ಮಗಳನ್ನ ಕೊಟ್ಟೆ ಕಣಪ್ಪ," ಎಂದಿದ್ದ. ಮೊಕಿಚಿಗೆ ಚೆನ್ನಾಗಿ ಗೊತ್ತಿತ್ತು: ತನ್ನ ಹಾಡು ಕೇಳಿ ಯಾರೂ ಬೆಕ್ಕಿನ ಮರಿಯನ್ನೂ ಕೊಡಲಾರರು. ಮುದುಕ ಕೇಳಿದ್ದು ಉಕಾಯಿಯ ದನಿ. ಅಂದಿನಿಂದ ಮನೆಯಲ್ಲಿ ಗುನುಗಿದವನೂ ಅಲ್ಲ. ಹೆಂಡತಿ ಸುಮಿಯೆ ಕೇಳಿದಾಗಲೆಲ್ಲ, "ಹುಲ್ಲಿನ ಧೂಳು ಗಂಟಲಿಗೆ ಹೋಗಿದೆ" ಎನ್ನುವನು.

ಈ ವರ್ಷ ಮಾವನಿಗೆ ಎಂಬತ್ತೆಂಟು. ಸಭೆಯ ಮುಖ್ಯ ಅತಿಥಿ ಆತನೇ. ಅಳಿಯನ ಹಾಡು ಇನ್ನೊಮ್ಮೆ ಕೇಳಬೇಕೆಂದು ತಿಂಗಳಿಂದ ಹೇಳುತ್ತಿದ್ದ.

"ಮೊಕಿಚಿ, ಇಲ್ಲಿದ್ದೀಯಾ," ಮಿತ್ಸು ಅಕ್ಕ ಏದುಸಿರು ಬಿಡುತ್ತ ಬಂದಳು. "ದೇವರು ನಿನ್ನ ಕಡುಬಿಗೆ ಕಣ್ಣು ಬಿಟ್ಟ ಮಾರಾಯ. ಈ ಸಲ ಹಿಂದಿನಿಂದ ಶುರು. ನೀನೇ ಮೊದಲು."

ಮೊಕಿಚಿ ದೇವರ ಮುಖ ನೋಡಿದ. ಅದೇ ನಸುನಗು.

"ಅಕ್ಕಾ, ಯಾಕೆ ಸುಮ್ನೆ ಪದ್ಧತಿ ಕೆಡಿಸೋದು..."

"ನೀನು ಸುಮ್ನಿರು. ನಿನ್ನ ಸಂಕೋಚವೇ ನಿನಗೆ ಶತ್ರು. ಗಂಟಲಿಗೆ ಶುಂಠಿ ಕಷಾಯ ಕಳಿಸ್ತೀನಿ."

ಅವಳು ಆ ಕಡೆ ಹೋದದ್ದೇ ಮೊಕಿಚಿ ಈ ಕಡೆಯಿಂದ ಸಭಾಮನೆಗೆ ಓಡಿದ. ಹಿಂದಿನಿಂದ ಶುರುವಾದರೆ ಕೊನೆಗೆ ಉಳಿಯುವುದು 'ಅ'. ಪುಸ್ತಕ ತೆರೆದ. 'ಅ'ದ ಹಾಳೆ ಹೊಸದಾಗಿಯೇ ಇತ್ತು. ಮೊದಲು ಹಾಡುವ ಧೈರ್ಯ ಊರಿನಲ್ಲಿ ಹೆಚ್ಚು ಜನಕ್ಕಿರಲಿಲ್ಲ. ಕಣ್ಣಿಗೆ ಬಿದ್ದ ಮೊದಲ ಹಾಡನ್ನು ಚೀಟಿಯಲ್ಲಿ ಗೀಚಿದ. ಚೀಟಿ ಪೆಟ್ಟಿಗೆಯಿಂದ ತಾನು ಆಗಲೇ ಹಾಕಿದ್ದ 'ವ'ದ ಚೀಟಿ ತೆಗೆಯಲು ನೋಡಿದರೆ ಬೀಗ. ಸೀಳಿನಲ್ಲಿ ಎರಡು ಬೆರಳು ತೂರಿಸಿದ. ತೂರಿದವು, ಹಿಂದಕ್ಕೆ ಬರಲಿಲ್ಲ. ಕಷಾಯದ ಜಾಡಿ ಹಿಡಿದು ಬಂದ ಮಿತ್ಸು ಅಕ್ಕ ಬಾಗಿಲಲ್ಲೇ ನಿಂತಳು.

"ಏನೋ ಇದು, ಜೇನುಗೂಡಿಗೆ ಕೈ ಹಾಕಿದ ಕರಡಿ ಥರ?"

"ಹಾಡು ಬದಲಾಯಿಸೋಣ ಅಂತ, ಅಕ್ಕ. 'ಅ'ದಲ್ಲಿ ಒಂದು... ಬಹಳ ಇಷ್ಟ ಆಯ್ತು."

ಆಕೆ ಸೋಪಿನ ನೀರು ಹಾಕಿ ಬೆರಳು ಬಿಡಿಸಿದಳು. ಹೊಸ ಚೀಟಿ ಓದಿ ಹುಬ್ಬೇರಿಸಿದಳು. ಪೆಟ್ಟಿಗೆಗೆ ಹಾಕಿದಳು.

ಮಧ್ಯಾಹ್ನ ಒಂದು ಗಂಟೆಗೆ ಸಭಾಮನೆ ತುಂಬಿತು. ಹುರುಳಿ ಹಾಕಿದ ಕೆಂಪನ್ನ, ಕರಿದ ಮೀನು, ಚಹಾ. ಮುಂದಿನ ಸಾಲಿನಲ್ಲಿ ಹಳದಿ ಮೇಲಂಗಿ ತೊಟ್ಟು ಗೆಂಜಬುರೊ, ಪಕ್ಕದಲ್ಲಿ ಮಗಳು ಸುಮಿಯೆ. ಮೊಕಿಚಿ ಕಂಬದ ಹಿಂದೆ ನೆಮ್ಮದಿಯಾಗಿ ಮೀನು ಬಿಡಿಸುತ್ತಿದ್ದ.

ಉಕಾಯಿ ಎದ್ದು ನಿಂತ. "ಈ ಸಲ ಒಂದು ಬದಲಾವಣೆ. ನಮ್ಮ ಮೊಕಿಚಿಗೋಸ್ಕರ ಹಿಂದಿನಿಂದ..."

"ಸ್ವಲ್ಪ ತಾಳ್ರಿ," ಎಂದಳು ಮಿತ್ಸು ಅಕ್ಕ. "ಆತ ಬೆಳಿಗ್ಗೇನೇ ಓಡಿಬಂದು ಚೀಟಿ ಹಾಕಿದ್ದಾನೆ, 'ಅ'ದ್ದು. ನಮಗೆ ತೊಂದರೆ ಆಗಬಾರದು ಅಂತ ತಾನೇ ಮುಂದಕ್ಕೆ ಬಂದಿದ್ದಾನೆ. ಎಂಥ ಮನಸ್ಸು ನೋಡಿ. ಇನ್ಯಾಕೆ ತಿರುಗುಮುರುಗು? ಪದ್ಧತಿ ಪ್ರಕಾರವೇ ನಡೀಲಿ. ಮೊಕಿಚಿ, ಬಾಪ್ಪ."

ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದ್ದರೆ ಚೆನ್ನಾಗಿತ್ತು, ಅದೂ ಸಿಕ್ಕಲಿಲ್ಲ. "ನನ್ನ ಗಂಟಲು..." ಎಂದು ಶುರುಮಾಡಿದ. ಏಳು ವರ್ಷದ ಕನಿಕರ ಒಟ್ಟಿಗೆ ಬಂದು ಬೆನ್ನು ನೂಕಿತು. ಕೈಗೆ ಮೈಕು ಬಂತು.

ಯಂತ್ರದ ತೆರೆಯ ಮೇಲೆ ಹಾಡು ಮೂಡಿದಾಗ ಮೊಕಿಚಿಗೆ ತಿಳಿಯಿತು: ಕಡಲಿಗೆ ಧುಮುಕಿ ಚಿಪ್ಪು ಹೆಕ್ಕುವ ಹೆಂಗಸೊಬ್ಬಳು ಗಂಡನನ್ನು ನೆನೆದು ಹಾಡುವ ಹಾಡು. ಅವನು ಅದನ್ನು ಹಿಂದೆ ಕೇಳಿಯೇ ಇರಲಿಲ್ಲ. ಕಣ್ಣು ಮುಚ್ಚಿ ಜಿಜೊ ದೇವರನ್ನು ನೆನೆದು ಬಾಯಿ ತೆರೆದ.

ಹಳಿ ತಪ್ಪಿದ ಜಾರುಬಾಗಿಲನ್ನು ಬಲವಂತವಾಗಿ ಎಳೆದಂತಿತ್ತು. ಕಿವಿಯ ಯಂತ್ರ ಕೆಟ್ಟಿತೆಂದು ಮೂವರು ಹಿರಿಯರು ಅದನ್ನು ಕಿತ್ತು ಊದಿ ನೋಡಿದರು. ಮಾಡಿನ ಮೇಲಿದ್ದ ಕಡಲಹಕ್ಕಿಗಳು ಎದ್ದು ಬಂದರಿನ ಕಡೆ ಹೋದವು. ಹಾಡಿನ ಹೆಂಗಸು ಮೂರು ಸಲ ಧುಮುಕಿದಳು, ಮೂರು ಸಲವೂ ಮುಳುಗಿದಳು. ಕೊನೆಗೂ ಹಾಡು ಮುಗಿಯಿತು.

ಮೊಕಿಚಿ ಮಾವನ ಮುಂದೆ ಮಂಡಿಯೂರಿ ಹಣೆ ಚಾಪೆಗೆ ಮುಟ್ಟಿಸಿದ. "ಮಾವ, ತಪ್ಪಾಯ್ತು. ಅವತ್ತು ಸ್ನಾನದ ಮನೇಲಿ ನೀವು ಕೇಳಿದ್ದು ನನ್ನ ದನಿ ಅಲ್ಲ. ಅದು ಉಕಾಯಿದು. ಮೂವತ್ತೊಂದು ವರ್ಷ ಮುಚ್ಚಿಟ್ಟೆ."

ಗೆಂಜಬುರೊ ಒದ್ದೆಯಾದ ಕಣ್ಣು ಒರೆಸಿಕೊಂಡ. "ಹುಚ್ಚಪ್ಪಾ, ಇದೇ ದನಿ. ಕೊಳದಲ್ಲಿ ಇಬ್ಬರು ಹಾಡ್ತಿದ್ದದ್ದು ನನಗೆ ಗೊತ್ತಿಲ್ವಾ? ಒಬ್ಬ ಗಂಧರ್ವ, ಒಬ್ಬ ನೀನು. ಗಂಧರ್ವನಿಗೆ ಮಗಳನ್ನ ಕೊಟ್ರೆ ಏನು ಗತಿ? ಇವತ್ತು ಆ ಮದುವೆ, ನಾಳೆ ಈ ಔತಣ. ಮನೇಲಿ ಇರ್ತಾನಾ? ನಿನ್ನನ್ನ ಯಾರೂ ಎಲ್ಲಿಗೂ ಕರೆಯಲ್ಲ, ಹೊತ್ತು ಮುಳುಗೋದರೊಳಗೆ ಮನೆ ಸೇರ್ತೀಯ ಅಂತ ನೋಡೇ ಕೊಟ್ಟಿದ್ದು."

ಸುಮಿಯೆ ಬಾಯಿಗೆ ಸೆರಗಿನಂತೆ ತೋಳು ಅಡ್ಡ ಹಿಡಿದು ನಕ್ಕಳು. ಮಿತ್ಸು ಅಕ್ಕ ಮಾತ್ರ ನಗಲಿಲ್ಲ. ಗಂಡನ ಕಡೆ ಒಂದು ಗಳಿಗೆ ನೋಡಿ, "ನಮ್ಮಪ್ಪನೂ ಒಲೆ ಉರಿಸೋ ಕೆಲಸದಲ್ಲಿ ಇರಬೇಕಿತ್ತು," ಎಂದು ಮುಂದಿನ ಚೀಟಿ ಬಿಡಿಸಿದಳು.

ಮೊಕಿಚಿಗೆ ಮೂವತ್ತೊಂದು ವರ್ಷದ ಹೊರೆ ಇಳಿದು ಮೈ ಹತ್ತಿಯಂತಾಯಿತು. ಕಂಬಕ್ಕೆ ಒರಗಿ, ಅರ್ಧ ಉಳಿದ ಮೀನನ್ನು ಹತ್ತಿರ ಎಳೆದುಕೊಂಡ. ಇನ್ನು ಹಾಡುವುದಿಲ್ಲ, ಹೆದರುವುದೂ ಇಲ್ಲ.

ಆದರೆ ಅಂದು ಸಭಾಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಹೆಸರು ಕರೆದೊಡನೆ ಜನ ಎದ್ದು ಬರತೊಡಗಿದರು. ಯಾರಿಗೂ ಗಂಟಲು ಕೆಟ್ಟಿರಲಿಲ್ಲ, ಯಾರ ಬೆನ್ನನ್ನೂ ನೂಕಬೇಕಾಗಲಿಲ್ಲ. ಮೊಕಿಚಿಯ ನಂತರ ಹೇಗೆ ಹಾಡಿದರೂ ನಡೆಯುತ್ತದೆಂದು ಎಲ್ಲರಿಗೂ ಧೈರ್ಯ ಬಂದಿತ್ತು. ಮೀನುಬಲೆ ಹೆಣೆಯುವ ಮೂಕಿಯಂಥ ಅಜ್ಜಿಯೂ ಎರಡು ಚರಣ ಹಾಡಿ ಕೂತಳು. 'ಕ' ಆಯಿತು, 'ನ' ಆಯಿತು, 'ಮ' ದಾಟಿತು. ಮೂರೂವರೆಗೆ 'ರ' ಸಾಲೂ ಮುಗಿಯಿತು.

ಇನ್ನೇನಾದರೂ ಉಳಿದಿದೆಯೇ ಎಂದು ಮಿತ್ಸು ಅಕ್ಕ ಪೆಟ್ಟಿಗೆ ಬೋರಲು ಹಾಕಿ ತಟ್ಟಿದಳು. ತಳಕ್ಕೆ ಅಂಟಿದ್ದ ಒಂದೇ ಒಂದು ಚೀಟಿ ಚಾಪೆಯ ಮೇಲೆ ಬಿತ್ತು. ಮೂಲೆಯಲ್ಲಿ ಹಸಿರು ಹೆಬ್ಬೆರಳಿನ ಗುರುತು.

"'ವ'," ಎಂದಳು ಆಕೆ.

ಮೊಕಿಚಿ ಕಿಟಕಿಯಾಚೆ ನೋಡಿದ. ದಾರಿ ಖಾಲಿಯಾಗಿತ್ತು, ಬಸ್ಸಿಗೆ ಇನ್ನೂ ಅರ್ಧ ಗಂಟೆ. ಕವಲಿನಲ್ಲಿ ಕೆಂಪು ಬಟ್ಟೆಯೊಂದೇ ಗಾಳಿಗೆ ಆಡುತ್ತಿತ್ತು. ಮೂವರು ಹಿರಿಯರು ಕಿವಿಯ ಯಂತ್ರ ತೆಗೆದು ಜೇಬಿಗಿಟ್ಟುಕೊಂಡರು. ಗೆಂಜಬುರೊ ಮಾತ್ರ ಎರಡೂ ಕಿವಿಗೆ ಅಂಗೈ ಒಡ್ಡಿ ಮುಂದಕ್ಕೆ ಬಾಗಿದ.

"ಹಾಡಪ್ಪ," ಎಂದ. "ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದ್ದೀನಿ."