ಅಜ್ಜಿಯ ಸೊಂಟ, ಹುಡುಗಿಯ ಕಾಲು

ಮಕ್ಕಳಿಗೆ ನಡೆಯೋದು ಕಲಿಸುವ ಕೆಲಸದಲ್ಲಿ ನಗೋದಕ್ಕೇನಿದೆ ಅಂತ ಕೇಳುವವರು ಒಂದು ದಿನ ನನ್ನ ಸ್ಕೂಟರಿನ ಹಿಂದೆ ಕೂತು ಬರಬೇಕು. ನಾನು ಫಿಸಿಯೋಥೆರಪಿಸ್ಟು. ಮನೆ ಶ್ರೀರಂಗಪಟ್ಟಣದಲ್ಲಿ. ಕೆಲಸ ಮಾತ್ರ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಅಂತ ಸುತ್ತೋದು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಮನೆಗೇ ಹೋಗಿ ವ್ಯಾಯಾಮ ಮಾಡಿಸ್ತೀನಿ. ಹಳ್ಳಿಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, 'ಕಾಲು ಮೇಡಮ್ಮು' ಅಂದರೆ ಎಲ್ಲರಿಗೂ ಗೊತ್ತು. ಕೈಗೂ ಮಾಡಿಸ್ತೀನಿ ಕಣ್ರಪ್ಪ ಅಂದರೆ ಯಾರು ಕೇಳ್ತಾರೆ?

ನಾನು ಹೆಚ್ಚು ನಕ್ಕಿದ್ದು, ಹೆಚ್ಚು ಅತ್ತಿದ್ದು ಎರಡೂ ಒಂದೇ ಮನೆಯಲ್ಲಿ. ಹೊಣಕೆರೆ ಕಡೆಯ ಒಂದು ಹಳ್ಳಿ. ಅಪ್ಪ ಮರಗೆಲಸದ ಆಚಾರ್ರು. ಅಮ್ಮ ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನು ಹತ್ತಿದರೆ ಮನೆ ಸೇರೋದು ಸಂಜೆಗೆ. ಆರು ವರ್ಷದ ಮಗಳು ಇರೋದು ಅಜ್ಜಿಯ ಸೊಂಟದ ಮೇಲೆ. ಅಜ್ಜಿಯ ಹತ್ತಿರ ಅಂತ ಅಲ್ಲ, ಸೊಂಟದ ಮೇಲೆ ಅಂತಲೇ ಹೇಳ್ತಿದ್ದೀನಿ. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ಹುಡುಗಿಯ ಕಾಲಿನ ಸ್ನಾಯುಗಳು ಬಿಗಿದುಕೊಂಡಿದ್ದವು. ಹಿಡಿದು ನಿಲ್ಲಿಸಿದರೆ ತುದಿಗಾಲಲ್ಲಿ ನಿಲ್ಲುತ್ತಿದ್ದಳು, ಒಂದು ಕಾಲು ಇನ್ನೊಂದಕ್ಕೆ ಅಡ್ಡ ಬರುತ್ತಿತ್ತು. ಬುದ್ಧಿ ಮತ್ತು ಬಾಯಿಗೆ ಮಾತ್ರ ಏನೂ ಕಮ್ಮಿ ಇರಲಿಲ್ಲ.

ಮೊದಲ ದಿನವೇ ಅಜ್ಜಿ ಕೇಳಿದ್ದರು, "ಈ ಕೂಸು ನಡೀತದಾ ಅವ್ವ?"

"ದಿನಾ ವ್ಯಾಯಾಮ ಮಾಡಿಸಿದ್ರೆ ಆಗಬಹುದು ಅಜ್ಜಿ. ಈಗಲೇ ಮಾತು ಕೊಡೋಕಾಗಲ್ಲ."

"ನಾನಿರೋಗಂಟ ನಾನೇ ಎತ್ಕಂಡ್ ತಿರುಗ್ತೀನಿ, ಅದುಕ್ಕೇನು. ನಾ ಓದ್ ಮ್ಯಾಕೆ ಯಾರ್ ಎತ್ಕತಾರೆ, ಏಳು."

ಹುಡುಗಿ ದಿನೇ ದಿನೇ ಭಾರ ಆಗುತ್ತಿದ್ದಳು, ಅಜ್ಜಿ ದಿನೇ ದಿನೇ ಬಾಗುತ್ತಿದ್ದರು. ಅಜ್ಜಿಯ ಸೊಂಟ ಬೀಳೋದರೊಳಗೆ ಹುಡುಗಿಯ ಕಾಲು ಏಳಬೇಕಿತ್ತು. ನಮ್ಮ ಮುಂದಿದ್ದ ಕೆಲಸ ಇಷ್ಟೇ.

೧. ಮಂಡಿಗೆ ಬಂದ ಪುಣ್ಯ

ಹಿಮ್ಮಡಿ ನೆಲಕ್ಕೆ ಊರಿಸೋದು, ತೊಡೆ ಎಳೆಯೋದು, ಮಣೆ ಮೇಲಿಂದ ಎದ್ದು ಕೂರೋದು, ಎಲ್ಲಾ ಹೇಳಿಕೊಟ್ಟು ಬಂದೆ. ತಿಂಗಳು ಕಳೆದು ಹೋದರೆ ಹುಡುಗಿಯ ಕಾಲು ಇದ್ದ ಹಾಗೇ ಇದೆ. ಅಜ್ಜಿ ಮಾತ್ರ ಬೇರೆ ಹೆಂಗಸೇ ಆಗಿಬಿಟ್ಟಿದ್ದರು. ಗೋಡೆ ಹಿಡಿದು "ಅಯ್ಯಪ್ಪಾ" ಅಂತ ಏಳುತ್ತಿದ್ದವರು ಈಗ ಕೂತಲ್ಲಿಂದ ಕೈ ಊರದೆ ಎದ್ದು ನನಗೆ ಕಾಫಿ ತಂದರು.

"ವ್ಯಾಯಾಮ ಮಾಡಿಸಿದ್ರಾ ಅಜ್ಜಿ?"

"ಒಂದಿನಾನೂ ತಪ್ಸಿಲ್ಲ ಕಣವ್ವ. ಬೆಳಿಗ್ಗೆ ಒಂದ್ಸಲ, ಸಂದೆಗೊಂದ್ಸಲ."

ಹುಡುಗಿ ನಡುವೆ ಬಾಯಿ ಹಾಕಿದಳು. "ಅಜ್ಜೀನೇ ಮಾಡ್ಕತದೆ. ನಾನು ಕುಂತ್ಕಂಡ್ ಎಣಿಸ್ತೀನಿ."

ಅಜ್ಜಿಗೆ ನಾಚಿಕೆ ಗೀಚಿಕೆ ಏನೂ ಇಲ್ಲ. "ಎಳುದ್ರೆ ಅಳ್ತದೆ ಕೂಸು. ಅದ್ಕೇಯಾ ಅದ್ರ ಎಸ್ರೇಳಿ ನಾನೇ ಮಾಡ್ತೀನಿ. ಇದ್ಕೆ ಜ್ವರ ಬಂದಾಗ ಸನಿವಾರ ಒಪ್ಪೊತ್ತು ಇದ್ದೋಳು ನಾನು. ಜ್ವರ ಬುಟ್ಟಿದ್ದು ಯಾರ್ಗೆ? ಇದ್ಕೆ ತಾನೆ? ಅಂಗೇಯಾ ಇದೂವೆ."

ನಾಲ್ಕೂವರೆ ವರ್ಷ ಕಾಲೇಜಿನಲ್ಲಿ ಓದಿದ್ದೆ, ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. "ಅಜ್ಜಿ, ಉಪವಾಸದ ಫಲ ಬೇರೆಯವರಿಗೆ ಹೋದರೂ ಹೋಗಬಹುದು. ವ್ಯಾಯಾಮದ ಫಲ ಹೋಗಲ್ಲ. ಮಾಡಿದವರಿಗೇ ಬರುತ್ತೆ," ಅಂದೆ.

ಅಜ್ಜಿ ತಮ್ಮ ಮಂಡಿ ಸವರಿಕೊಂಡರು. "ಅಂಗಾರೆ ಅದ್ರುದ್ದು ಅದು ಮಾಡ್ಲಿ, ನಂದು ನಾನ್ ಮಾಡ್ತೀನಿ. ಮಂಡಿ ನೋವು ಓಗಿರೋವಾಗ ಬುಡು ಅಂದ್ರೆ ಬುಡಾಕಾಯ್ತದಾ?"

೨. ಬಾಳಿಕೆ ಬರುವ ಗಾಡಿ

ಆಮೇಲೆ ಹುಡುಗಿ ಅತ್ತುಕೊಂಡೇ ವ್ಯಾಯಾಮ ಮಾಡಿದಳು, ಹಿಮ್ಮಡಿ ನೆಲಕ್ಕೆ ತಾಗತೊಡಗಿತು. ಇನ್ನು ಹಿಡಿದು ತಳ್ಳಿಕೊಂಡು ನಡೆಯೋಕೆ ಒಂದು ವಾಕರ್ ಬೇಕು, ಹಗುರವಾದದ್ದು ಎಲ್ಲಿ ಸಿಗುತ್ತೆ ಅಂತ ನಾನು ಹೇಳ್ತೀನಿ ಅಂದೆ. ಆಚಾರ್ರ ಮುಖ ಗಂಟಾಯಿತು. "ಆಚಾರ್ರ ಮನೆಗೆ ಅಂಗ್ಡಿಯಿಂದ ತರಾದಾ ಮೇಡಮ್? ಊರೋರು ಏನಂದಾರು?"

ಮುಂದಿನ ಸಲ ಹೋದಾಗ ನಡುಮನೆಯಲ್ಲಿ ಬಿಳಿ ಪಂಚೆ ಮುಚ್ಚಿಕೊಂಡು ಏನೋ ನಿಂತಿತ್ತು. ಆಚಾರ್ರು ಊದುಬತ್ತಿ ಬೆಳಗಿ ಪಂಚೆ ತೆಗೆದರು. ಅಚ್ಚ ತೇಗದ ವಾಕರ್. ನಾಲ್ಕು ಚಕ್ರ, ಹಿಡಿಯುವ ಕಡೆ ಎರಡು ಗಿಣಿ, ಅಂಚಿಗೆಲ್ಲಾ ಬಳ್ಳಿಯ ಕೆತ್ತನೆ, ಮೇಲೆ ಪಾಲಿಶ್ಶು. ಅಳತೆಯಲ್ಲಿ ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಹುಡುಗಿ ಗಿಣಿಗಳನ್ನು ಹಿಡಿದು ತಳ್ಳಿದಳು. ಅಲುಗಲಿಲ್ಲ. ನಾನು ತಳ್ಳಿದೆ. ನನಗೂ ಅಲುಗಲಿಲ್ಲ. ಆಚಾರ್ರೇ ಬಂದು ಹೆಗಲು ಕೊಟ್ಟ ಮೇಲೆ ಒಂದು ಗೇಣು ಸರಿಯಿತು.

"ಎಂಗದೆ ಮೇಡಮ್?"

"ಗಟ್ಟಿಯಾಗಿದೆ," ಅಂದೆ.

"ಇವ್ಳ ಮೊಮ್ಮಕ್ಕಳು ಇಡ್ಕಂಡ್ ನಡುದ್ರೂ ಏನೂ ಆಗಾಕಿಲ್ಲ."

ಮಗಳು ತಳ್ಳಲಾರದೆ ನಿಂತಿದ್ದನ್ನು ಅವರೂ ನೋಡುತ್ತಿದ್ದರು. ಆ ಮುಖ ನೋಡಿ ನನಗೆ ಸಂಕಟವಾಯಿತು. ಅಷ್ಟರಲ್ಲಿ ಹುಡುಗಿ ಗಿಣಿ ಹಿಡಿದು, ಹಿಮ್ಮಡಿ ಊರಿ, ನೆಟ್ಟಗೆ ನಿಂತೇ ಇದ್ದಾಳೆ ಅನ್ನೋದು ಕಣ್ಣಿಗೆ ಬಿತ್ತು. ಅಲುಗದ ವಸ್ತು ನಿಲ್ಲೋದು ಕಲಿಯೋಕೆ ಬಲು ಒಳ್ಳೇದು. "ಇದು ನಿಲ್ಲೋಕೆ ಇರಲಿ, ನಡೆಯೋಕೆ ಬಿದಿರಿನದು ಒಂದು ಮಾಡಿಕೊಡಿ," ಅಂದೆ. ಮಾಡಿಕೊಟ್ಟರು, ಅರೆಮನಸ್ಸಿನಿಂದ. ತೇಗದ್ದನ್ನು ನೋಡೋಕೆ ಬಂದ ನೆಂಟರೊಬ್ಬರು ಇಂಥದ್ದೇ ಒಂದು ತಮಗೂ ಬೇಕು ಅಂದರಂತೆ, ದೇವರ ಮನೆಗೆ.

೩. ಕರುಳಿಲ್ಲದ ಹೆಂಗಸು

ಪಾದ ನೆಟ್ಟಗೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಹಾಕಿಸೋಕೆ ಅಜ್ಜಿ, ಮೊಮ್ಮಗಳ ಜೊತೆ ನಾನೂ ಬಸ್ಸಿನಲ್ಲಿ ಕೆ.ಆರ್. ಪೇಟೆಗೆ ಹೋಗಿದ್ದೆ. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ, ಇವತ್ತು ಬಸ್ಸಿನ ಮೆಟ್ಟಿಲು ಇವಳೇ ಹತ್ತಲಿ ಅಂತ ತೀರ್ಮಾನ ಮಾಡಿದೆ. ಹುಡುಗಿ ಕಂಬಿ ಹಿಡಿದಳು. ಹಲ್ಲು ಕಚ್ಚಿ ಒಂದು ಕಾಲು ಎತ್ತಿದಳು. ಪಾದ ಮೆಟ್ಟಿಲ ಅಂಚಿಗೆ ಬಂತು.

"ಪಾಪ, ಎತ್ರೀ ಕೂಸ್ನ," ಅಂತ ಒಳಗಿಂದ ಒಬ್ಬರು ಕೈ ಚಾಚಿದರು.

"ಯಾರೂ ಮುಟ್ಟಬೇಡಿ. ಅವಳೇ ಹತ್ತಾಳೆ," ಅಂತ ನಾನು ಅಡ್ಡ ನಿಂತೆ.

ತೆಂಗಿನಕಾಯಿ ಚೀಲ ಹೊತ್ತಿದ್ದ ಯಜಮಾನರೊಬ್ಬರು ಚೀಲ ಕೆಳಗಿಟ್ಟರು. "ಏನ್ ಎಂಗ್ಸವ್ವ ನೀನು, ಕರುಳೈತಾ ನಿಂಗೆ?" ಅಂದವರೇ ನನ್ನನ್ನು ಪಕ್ಕಕ್ಕೆ ಸರಿಸಿ ಹುಡುಗಿಯನ್ನು ಎತ್ತಿ ಒಳಗೆ ಕೊಟ್ಟರು. ಅವಳು ಕೈಯಿಂದ ಕೈಗೆ ಸಾಗಿ ಡ್ರೈವರ್ ಪಕ್ಕದ ಸೀಟು ಸೇರಿದಳು. ಹಿಂದೆಯೇ ಅಜ್ಜಿ ನುಗ್ಗಿದರು. ಚೀಲ ಹೋಯಿತು, ಯಜಮಾನರು ಹೋದರು, ಕಂಡಕ್ಟರು ಸೀಟಿ ಊದಿದರು. ಬಸ್ಸು ಹೋಗೇಬಿಟ್ಟಿತು.

ಧೂಳಿನಲ್ಲಿ ನಿಂತು ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಇವರ್‍ಯಾರೂ ಕೆಟ್ಟವರಲ್ಲ, ಅದೇ ಕಷ್ಟ. ಎಲ್ಲರೂ ಹೀಗೆ ಎತ್ತಿಕೊಳ್ಳುತ್ತಾ ಹೋದರೆ ಇವಳು ಕಾಲು ಊರುವುದು ಯಾವಾಗ? ಅಷ್ಟರಲ್ಲಿ ಫೋನು ಬಂತು. ಅಜ್ಜಿ.

"ಇಂದ್ಗಡೆ ಎಲ್ಲಿ ಕುಂತಿದ್ದೀಯವ್ವ? ನಿಂಗೂ ಸೀಟ್ ಇಡ್ದಿವ್ನಿ, ಮುಂದುಕ್ಕೆ ಬಾ."

೪. ಪರಾರಿ

ಹೆದರಿದ್ದು ಕೊನೆಗೂ ಆಯಿತು. ನೀರಿನ ಬಿಂದಿಗೆ ಎತ್ತುವಾಗ ಅಜ್ಜಿಯ ಸೊಂಟ ಹಿಡಿದುಕೊಂಡಿತು. ನಾನು ಹೋದಾಗ ಚಾಪೆಯ ಮೇಲೆ ಮಲಗಿದ್ದರು. "ಎತ್ಕಳಾಕಾಯ್ತಿಲ್ಲ ಕಣವ್ವ ಕೂಸ್ನ," ಅಂತ ಕಣ್ಣು ಒರೆಸಿಕೊಂಡರು. ಆಚಾರ್ರು ಬೇರೆ ಊರಲ್ಲಿ ಬಾಗಿಲು ಕೂರಿಸೋಕೆ ಹೋಗಿದ್ದರು.

"ಹುಡುಗಿ ಎಲ್ಲಿ ಅಜ್ಜಿ?"

"ಇಲ್ಲೇ ಜಗ್ಲಿ ಮ್ಯಾಲೆ ಕೂರ್ಸಿ ಓದ್ಲು ಅವ್ರವ್ವ."

ಜಗಲಿಯ ಮೇಲೆ ಯಾರೂ ಇರಲಿಲ್ಲ. ಬಿದಿರಿನ ವಾಕರ್ ಒಳಗೇ ಇತ್ತು. ಬಾಗಿಲ ಸಂದಿ, ಬಚ್ಚಲು, ಹಿತ್ತಿಲು ಎಲ್ಲಾ ನೋಡಿದೆ. ನೀರಿನ ತೊಟ್ಟಿಗೂ ಇಣುಕಿದೆ. ಅಜ್ಜಿ ಮಲಗಿದಲ್ಲಿಂದಲೇ ಮನೆದೇವರನ್ನು ಕೂಗುತ್ತಿದ್ದರು.

ಸಿಕ್ಕಿದ್ದು ಪಕ್ಕದ ಮನೆಯ ಜಗಲಿಯಲ್ಲಿ, ಒಣಗಲು ಹಾಕಿದ್ದ ಕಂಬಳಿಯ ಹಿಂದೆ. ಕಾಲಿಗೆ ಪಟ್ಟಿ, ಬೂಟು ಎಲ್ಲಾ ಇತ್ತು. ನನ್ನ ನೋಡಿ ಮುಖ ಗಂಟು ಹಾಕಿಕೊಂಡಳು.

"ಯಾರು ಕರ್ಕೊಂಡು ಬಂದ್ರು ನಿನ್ನ?"

"ಯಾರೂವೆ ಇಲ್ಲ. ನಿಮ್ ಸ್ಕೂಟ್ರು ಸದ್ದು ಕೇಳ್ತು. ಗ್ವಾಡೆ ಇಡ್ಕಂಡ್ ಬಂದ್ಬುಟ್ಟೆ."

ನಾನು ಹಿಂದಿರುಗಿ ನೋಡಿದೆ. ಎರಡು ಮನೆಗಳ ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ. ಗೋಡೆ ಇಲ್ಲ, ಕಂಬ ಇಲ್ಲ, ಹಿಡಿಯೋಕೆ ಒಂದು ಕಡ್ಡಿಯೂ ಇಲ್ಲ.

"ಇಲ್ಲಿ ಗೋಡೆ ಇಲ್ವಲ್ಲ ಮರಿ. ಇಲ್ಲಿ ಹೇಗೆ ಬಂದೆ?"

"ಅಲ್ಲಿ ಸುಮ್ಕೆ ಬಂದೆ."

ನಾನು ಆ ಜಗಲಿಯ ಮೇಲೆ ಕೂತುಬಿಟ್ಟೆ. ಇಷ್ಟು ದಿನ ಕಾದಿದ್ದ ಹೆಜ್ಜೆಗಳನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ. ನನ್ನಿಂದ ತಪ್ಪಿಸಿಕೊಳ್ಳೋಕೆ ಇಟ್ಟ ಹೆಜ್ಜೆಗಳು ಅವು. ಅಳುತ್ತಿದ್ದೆ, ನಗುತ್ತಲೂ ಇದ್ದೆ.

"ಸಿಕ್ಕುದ್ಲಾ?" ಅಂತ ಅಜ್ಜಿ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು.

"ಸಿಕ್ಕಿದಳು ಅಜ್ಜಿ. ಒಬ್ಬಳೇ ನಡ್ಕೊಂಡು ಬಂದವ್ಳೆ."

ಅಜ್ಜಿ ನಡುವಿನ ಜಾಗ ನೋಡಿದರು, ಮೊಮ್ಮಗಳನ್ನು ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ, ಸೊಂಟ ನೆಟ್ಟಗೆ ನಿಲ್ಲದಿದ್ದರೂ, ಅಭ್ಯಾಸಬಲದಿಂದ ಎರಡೂ ಕೈ ಚಾಚಿದರು. "ಬಾ ನನ್ನವ್ವ, ಎತ್ಕತೀನಿ."

ಹುಡುಗಿ ತಲೆ ಅಲ್ಲಾಡಿಸಿದಳು.

"ಬ್ಯಾಡ. ನಾನೇ ನಡ್ಕಂಡ್ ಬತ್ತೀನಿ," ಅಂದಳು. ಆಮೇಲೆ ನನ್ನ ಕಡೆ ಬೆರಳು ಮಾಡಿದಳು. "ಮೊದ್ಲು ಇವ್ರು ಓಗ್ಲಿ."